ಗ್ರಂಥಭಂಡಾರದಲ್ಲಿ ಪಿಯಾನೊ

ಗ್ರಂಥಾಲಯವೆಂದೊಡನೆ ನಮ್ಮ ಮನಸ್ಸಿಗೆ ಮೊದಲು ಬರುವುದು ಗ್ರಂಥಗಳಲ್ಲ. ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ತೂಗುಹಾಕಿರುವ 'ನಿಶ್ಶಬ್ದ' ಎಂಬ ಫಲಕ. ಕುರ್ಚಿ ಸರಿಸಿದರೆ ನಾಲ್ಕು ಜನ ತಲೆಯೆತ್ತಿ ನೋಡುವರು. ಕೆಮ್ಮು ಬಂದರೆ ಅಪರಾಧ ಮಾಡಿದವರಂತೆ ಹೊರಗೆದ್ದು ಹೋಗಬೇಕು. ಓದುಗನಿಗೆ ಮೌನ ಬೇಕು, ನಿಜ. ಆದರೆ ಆ ಮೌನವೇ ಗ್ರಂಥಾಲಯದ ಪರಮಧರ್ಮವೋ, ಅಥವಾ ಇನ್ನಾವುದೋ ಕಾರ್ಯಕ್ಕೆ ಅದು ಸಾಧನಮಾತ್ರವೋ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡಂತಿಲ್ಲ. ಜಗತ್ತಿನ ಅತಿದೊಡ್ಡ ಗ್ರಂಥಾಲಯಗಳಲ್ಲೊಂದು ಈ ಪ್ರಶ್ನೆಗೆ ನೂರು ವರ್ಷಗಳ ಹಿಂದೆಯೇ ತನ್ನದೇ ಆದ ರೀತಿಯಲ್ಲಿ ಉತ್ತರ ಕೊಟ್ಟಿತು. ಪುಸ್ತಕಗಳ ನಡುವೆ ಅದು ಒಂದು ಸಂಗೀತಸಭೆಯನ್ನು ಕಟ್ಟಿಸಿ, ವೇದಿಕೆಯ ಮೇಲೆ ಪಿಯಾನೊ ನುಡಿಸಿತು. ಆ ಕಥೆಯನ್ನೂ, ಅದರಿಂದ ಕನ್ನಡಿಗರಾದ ನಮಗೆ ಬರಬಹುದಾದ ಯೋಚನೆಯನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ನಿನ 'ಲೈಬ್ರರಿ ಆಫ್ ಕಾಂಗ್ರೆಸ್' ೧೮೦೦ರಲ್ಲಿ ಆ ದೇಶದ ಶಾಸನಸಭೆಯ ಉಪಯೋಗಕ್ಕಾಗಿ ಹುಟ್ಟಿದ ಪುಸ್ತಕಶಾಲೆ. ಈಗ ಅದರ ಮುಖ್ಯಭವನವಾಗಿರುವ ಭವ್ಯ ಕಟ್ಟಡ ೧೮೯೭ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅಲ್ಲಿನ ಸಂಗೀತವಿಭಾಗದಲ್ಲಿ ಸ್ವರಲಿಪಿಯ ಗ್ರಂಥಗಳೂ ಹಸ್ತಪ್ರತಿಗಳೂ ರಾಶಿರಾಶಿಯಾಗಿ ಸೇರಿದ್ದವು. ಆದರೆ ಸ್ವರಲಿಪಿಯೆಂಬುದು ಸಂಗೀತವಲ್ಲ, ಸಂಗೀತದ ನೆನಪು. ಅದನ್ನು ಕಣ್ಣಿನಿಂದಲೇ ಓದಿ ಒಳಗಿವಿಯಿಂದ ಕೇಳಬಲ್ಲ ಪಂಡಿತರು ಲಕ್ಷಕ್ಕೊಬ್ಬರು. ಉಳಿದವರ ಪಾಲಿಗೆ ಅದು ಬೀಗ ಹಾಕಿದ ಮನೆ.

ಆ ಬೀಗವನ್ನು ತೆಗೆಸಿದವರು ಎಲಿಜಬೆತ್ ಸ್ಪ್ರೇಗ್ ಕೂಲಿಜ್ ಎಂಬ ಮಹಿಳೆ. ಆಕೆ ಹುಟ್ಟಿದುದು ೧೮೬೪ರಲ್ಲಿ, ಷಿಕಾಗೊ ನಗರದ ಸಿರಿವಂತ ವರ್ತಕನ ಮನೆಯಲ್ಲಿ. ಸ್ವತಃ ಒಳ್ಳೆಯ ಪಿಯಾನೊವಾದಕಿ. ೧೯೧೫-೧೬ರ ಅಲ್ಪಾವಧಿಯಲ್ಲಿ ತಂದೆ, ಗಂಡ, ತಾಯಿ ಮೂವರನ್ನೂ ಕಳೆದುಕೊಂಡ ಆಕೆ ದುಃಖದಲ್ಲಿ ಮುಳುಗದೆ, ಕೈಗೆ ಬಂದ ಸಂಪತ್ತನ್ನು ಸಂಗೀತಕ್ಕೆ ಮೀಸಲಿಟ್ಟರು. ೧೯೨೪ರಲ್ಲಿ ಆಕೆ ಗ್ರಂಥಾಲಯದ ಅಂಗಳದಲ್ಲಿ ಸಭಾಂಗಣವೊಂದನ್ನು ಕಟ್ಟಲು ಅರುವತ್ತು ಸಾವಿರ ಡಾಲರು ಕೊಡಲು ಮುಂದಾದರು. ಅಲ್ಲಿ ನಡೆಯುವ ಕಚೇರಿಗಳಿಗೂ, ಹೊಸ ಕೃತಿಗಳನ್ನು ಬರೆಸುವುದಕ್ಕೂ ಶಾಶ್ವತನಿಧಿಯೊಂದನ್ನು ಏರ್ಪಡಿಸಿದರು. ೧೯೨೫ರ ಅಕ್ಟೋಬರ್ ತಿಂಗಳಲ್ಲಿ ಸುಮಾರು ಐನೂರು ಆಸನಗಳ ಆ ಸಭಾಂಗಣದ ಬಾಗಿಲು ತೆರೆಯಿತು. ವಯಸ್ಸಾದಂತೆ ಆಕೆಯ ಕಿವಿ ಮಂದವಾಗುತ್ತ ಬಂದಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ತಾನು ಪೂರ್ತಿಯಾಗಿ ಕೇಳಲಾಗದುದನ್ನು ಇತರರು ಕೇಳಲೆಂದು ಏರ್ಪಡಿಸಿದ ಔದಾರ್ಯ ಅದು.

ಈ ದಾನದಲ್ಲಿ ಗಮನಿಸತಕ್ಕ ವಿಷಯ ಹಣದ ಮೊತ್ತವಲ್ಲ. ಖಾಸಗಿ ವ್ಯಕ್ತಿಯ ಇಂತಹ ಶಾಶ್ವತನಿಧಿಯನ್ನು ಸ್ವೀಕರಿಸಿ ನಿರ್ವಹಿಸಲು ಗ್ರಂಥಾಲಯಕ್ಕೆ ಅಲ್ಲಿಯವರೆಗೆ ತಕ್ಕ ವ್ಯವಸ್ಥೆಯೇ ಇರಲಿಲ್ಲ. ೧೯೨೫ರ ಮಾರ್ಚಿಯಲ್ಲಿ ಅಮೆರಿಕದ ಶಾಸನಸಭೆ ಅದಕ್ಕಾಗಿಯೇ ಒಂದು ನ್ಯಾಸಮಂಡಲಿಯನ್ನು ಕಾನೂನಿನ ಮೂಲಕ ಸ್ಥಾಪಿಸಬೇಕಾಯಿತು. ಅರಸನ ಆಸ್ಥಾನದಲ್ಲಿ, ಶ್ರೀಮಂತನ ಪಡಸಾಲೆಯಲ್ಲಿ ಆಮಂತ್ರಿತರಿಗೆ ಮಾತ್ರ ಕೇಳಿಸುತ್ತಿದ್ದ ಸಂಗೀತ, ಪುಸ್ತಕದಂತೆಯೇ ಪ್ರಜೆಯ ಹಕ್ಕಿನ ವಸ್ತುವಾಯಿತು. ಓದುಗನೊಬ್ಬ ಚೀಟಿ ಬರೆದು ಪುಸ್ತಕ ಕೇಳುವಂತೆ, ಶ್ರೋತೃ ಬಂದು ಸಂಗೀತ ಕೇಳಬಹುದೆಂದಾಯಿತು.

ಇನ್ನು ಪಿಯಾನೊವನ್ನು ಕುರಿತು ಎರಡು ಮಾತು. ೧೭೦೦ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಕ್ರಿಸ್ಟೊಫೊರಿ ಎಂಬ ಕುಶಲಿ ನಿರ್ಮಿಸಿದ ವಾದ್ಯ ಇದರ ಮೂಲ. ನಮ್ಮ ನಾಟಕ ಕಂಪೆನಿಗಳ ಹಾರ್ಮೋನಿಯಮ್ಮಿನಂತೆ ಇದಕ್ಕೂ ಬಿಳಿ ಕರಿ ಮನೆಗಳುಂಟು. ಸಾದೃಶ್ಯ ಅಲ್ಲಿಗೆ ಮುಗಿಯಿತು. ಹಾರ್ಮೋನಿಯಮ್ಮಿನಲ್ಲಿ ನುಡಿಯುವುದು ಗಾಳಿ. ಇಲ್ಲಿ ಬೆರಳು ಒತ್ತಿದೊಡನೆ ಉಣ್ಣೆ ಹೊದಿಸಿದ ಪುಟ್ಟ ಸುತ್ತಿಗೆಯೊಂದು ತಂತಿಯನ್ನು ಬಡಿದು ಹಿಂದೆ ಸರಿಯುತ್ತದೆ. ಎಂಬತ್ತೆಂಟು ಮನೆಗಳು, ಇನ್ನೂರಕ್ಕೂ ಮಿಕ್ಕ ಉಕ್ಕಿನ ತಂತಿಗಳು, ಅವುಗಳ ಎಳೆತವನ್ನು ತಾಳಿಕೊಳ್ಳಲು ಒಳಗೊಂದು ಎರಕದ ಕಬ್ಬಿಣದ ಚೌಕಟ್ಟು. ಮೆಲ್ಲಗೆ ಒತ್ತಿದರೆ ಪಿಸುಮಾತು, ಬಲವಾಗಿ ಒತ್ತಿದರೆ ಗುಡುಗು. ಆದರೆ ವೀಣೆಯಲ್ಲಿ ತಂತಿಯನ್ನೆಳೆದು ಸ್ವರವನ್ನು ಬಾಗಿಸುವಂತೆ ಇಲ್ಲಿ ಮಾಡಲಾಗದು. ಹುಟ್ಟಿದ ಸ್ವರ ನೆಟ್ಟಗೆ ನಿಂತು ಕ್ರಮವಾಗಿ ಆರುತ್ತದೆ. ಗಮಕವಿಲ್ಲದ ವಾದ್ಯವೆಂದು ನಮ್ಮವರು ಇದನ್ನು ದೂರವಿಟ್ಟುದು ಸಹಜವೇ. ಗಮಕದಿಂದ ನಾವು ಪಡೆಯುವುದನ್ನು ಅವರು ಹಲವು ಸ್ವರಗಳನ್ನು ಒಮ್ಮೆಗೇ ಹೊಂದಿಸಿ ನುಡಿಸುವುದರಿಂದ ಪಡೆಯುತ್ತಾರೆಂದು ತಿಳಿದರೆ, ಕಿವಿ ನಿಧಾನವಾಗಿ ಒಗ್ಗುತ್ತದೆ.

ಆ ಸಭಾಂಗಣದಲ್ಲಿ ನಡೆದ ಕಚೇರಿಗಳಲ್ಲಿ ೧೯೪೦ರ ಏಪ್ರಿಲ್ ೧೩ರ ಸಂಜೆಯದು ವಿಶೇಷವಾದುದು. ಪಿಯಾನೊದ ಮುಂದೆ ಕುಳಿತವರು ಹಂಗೆರಿ ದೇಶದ ಬೇಲಾ ಬಾರ್ಟೋಕ್. ಪಿಟೀಲು ಹಿಡಿದವರು ಅವರದೇ ದೇಶದ ಜೋಸೆಫ್ ಸಿಗೆಟಿ. ಬಾರ್ಟೋಕರಿಗೆ ಆಗ ಐವತ್ತೊಂಬತ್ತು ವರ್ಷ. ಅದಕ್ಕೆ ನಾಲ್ಕೇ ದಿನ ಹಿಂದೆ ಹಿಟ್ಲರನ ಸೇನೆ ಡೆನ್ಮಾರ್ಕ್ ಮತ್ತು ನಾರ್ವೆಗಳ ಮೇಲೆ ಬಿದ್ದಿತ್ತು. ಬಾರ್ಟೋಕರ ತಾಯಿ ಹಿಂದಿನ ಡಿಸೆಂಬರಿನಲ್ಲಷ್ಟೇ ತೀರಿಕೊಂಡಿದ್ದರು. ಆಕೆ ಬದುಕಿರುವವರೆಗೆ ತಾಯ್ನೆಲವನ್ನು ಬಿಡಲೊಲ್ಲದೆ ಇದ್ದ ಮಗನನ್ನು ಹಿಡಿದಿಡುವ ಕೊನೆಯ ಎಳೆ ಹೀಗೆ ಹರಿದಿತ್ತು.

ಅಂದು ನುಡಿದ ಕೃತಿಗಳಲ್ಲಿ ಬೇಥೋವನ್ನನ 'ಕ್ರಾಯ್ಟ್ಸರ್ ಸೊನಾಟಾ' ಒಂದು. ಟಾಲ್‌ಸ್ಟಾಯ್ ಅದೇ ಹೆಸರಿನ ಕಥೆಯನ್ನು ಬರೆದುದರಿಂದ ಸಾಹಿತ್ಯದ ವಿದ್ಯಾರ್ಥಿಗಳಿಗೂ ಅದರ ಪರಿಚಯವುಂಟು. ಅದರಲ್ಲಿ ಪಿಯಾನೊ ಪಕ್ಕವಾದ್ಯವಲ್ಲ. ಪಿಟೀಲಿಗೆ ಸರಿಸಮನಾದ ಸಂವಾದಿ. ಫ್ರಾನ್ಸಿನ ದೆಬ್ಯುಸಿಯ ಸೊನಾಟಾ ಇನ್ನೊಂದು. ೧೯೧೭ರಲ್ಲಿ ಮುಗಿಸಿದ ಅದು ಆತನ ಕೊನೆಯ ದೊಡ್ಡ ಕೃತಿ. ಉಳಿದೆರಡೂ ಬಾರ್ಟೋಕರವೇ: ೧೯೨೨ರ ಎರಡನೆಯ ಸೊನಾಟಾ, ಮತ್ತು ೧೯೨೮ರಲ್ಲಿ ಸಿಗೆಟಿಯವರಿಗೇ ಅರ್ಪಿಸಿದ ಮೊದಲನೆಯ ರ‍್ಯಾಪ್ಸೊಡಿ.

ಈ ರ‍್ಯಾಪ್ಸೊಡಿಯ ಹಿಂದೆ ದೀರ್ಘವಾದ ಒಂದು ಯಾತ್ರೆಯಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬಾರ್ಟೋಕರೂ ಅವರ ಮಿತ್ರ ಕೊಡಾಯಿಯವರೂ ಮೇಣದ ಉರುಳೆಯ ಧ್ವನಿಯಂತ್ರವನ್ನು ಹೊತ್ತು ಹಳ್ಳಿಹಳ್ಳಿ ತಿರುಗಿದರು. ಹಂಗೆರಿಯ, ರುಮೇನಿಯದ, ಸ್ಲೊವಾಕಿಯದ ರೈತರ ಬಾಯಿಂದ ಹಾಡು ಹಾಡಿಸಿ, ಕೇಳಿ ಕೇಳಿ ಸ್ವರಲಿಪಿಗೆ ಇಳಿಸಿದರು. ನಮ್ಮಲ್ಲಿ ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಬಳಿಯ ಹಾಡುಗಳನ್ನು ಸಂಗ್ರಹಿಸಿ ೧೯೩೧ರಲ್ಲಿ 'ಗರತಿಯ ಹಾಡು' ಪ್ರಕಟಿಸಿದುದನ್ನು ನೆನೆದರೆ, ಈ ಶ್ರಮದ ಸ್ವರೂಪ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳಿಯ ಪಿಟೀಲುಗಾರರ ಆ ಕುಣಿತದ ಮಟ್ಟುಗಳೇ ರ‍್ಯಾಪ್ಸೊಡಿಯಾಗಿ ಬೆಳೆದು, ವಾಷಿಂಗ್ಟನ್ನಿನ ಪುಸ್ತಕಶಾಲೆಯಲ್ಲಿ ಅಂದು ಮತ್ತೆ ಬಾಯ್ದೆರೆದುವು. ಬಾಯಿಂದ ಕಾಗದಕ್ಕೆ, ಕಾಗದದಿಂದ ವಾದ್ಯಕ್ಕೆ, ವಾದ್ಯದಿಂದ ಕಿವಿಗೆ: ಇದು ನಾದದ ಪ್ರಯಾಣ. ಗ್ರಂಥಾಲಯ ಈ ಪ್ರಯಾಣದ ನಡುವಿನ ತಂಗುಮನೆ, ಕೊನೆಯ ನಿಲ್ದಾಣವಲ್ಲ.

ಆ ಸಂಜೆಯ ಕಚೇರಿಯನ್ನು ಧ್ವನಿತಟ್ಟೆಗಳಲ್ಲಿ ಮುದ್ರಿಸಿಕೊಂಡಿದ್ದರು. ಕಚೇರಿಯ ನಂತರ ಬಾರ್ಟೋಕ್ ಊರಿಗೆ ಮರಳಿದರು. ಅಕ್ಟೋಬರಿನಲ್ಲಿ ಪತ್ನಿಯೊಡನೆ ಶಾಶ್ವತವಾಗಿ ದೇಶ ಬಿಟ್ಟರು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಅವರಿಗೆ ದೊರೆತ ಕೆಲಸವೂ ಇಂತಹದೇ: ಯುಗೊಸ್ಲಾವಿಯದ ಹಾಡುಗಾರರಿಂದ ಮಿಲ್ಮನ್ ಪ್ಯಾರಿ ಎಂಬ ವಿದ್ವಾಂಸ ಸಂಗ್ರಹಿಸಿದ್ದ ಧ್ವನಿಮುದ್ರಿಕೆಗಳನ್ನು ಕೇಳಿ ಸ್ವರಲಿಪಿಗೆ ಇಳಿಸುವುದು. ೧೯೪೫ರ ಸೆಪ್ಟೆಂಬರ್ ೨೬ರಂದು ಅವರು ಅಲ್ಲಿಯೇ ಕಣ್ಮುಚ್ಚಿದರು. ತಾಯ್ನಾಡನ್ನು ಮತ್ತೆ ಕಾಣಲಿಲ್ಲ. ಆ ತಟ್ಟೆಗಳಿಂದ ಮುಂದೆ ಗ್ರಾಮಫೋನ್ ಮುದ್ರಿಕೆಗಳು ಹೊರಬಂದುವು. ಈಗ ಯಾರು ಬೇಕಾದರೂ ಕೇಳಬಹುದು. ನಾನೂ ಕೇಳಿದ್ದೇನೆ. ಹಳೆಯ ತಟ್ಟೆಯ ಚರಪರ ಸದ್ದಿನ ನಡುವೆ ಪಿಯಾನೊದ ಒಂದೊಂದು ಪೆಟ್ಟೂ ಮಾತಿನಂತೆ ಸ್ಪಷ್ಟವಾಗಿ ಬರುತ್ತದೆ. ಸಂಗೀತ ಹುಟ್ಟಿಸಿದವನೇ ನುಡಿಸಿದಾಗ ಲಿಪಿಯಲ್ಲಿ ಕಾಣದ ಎಷ್ಟೋ ಸಂಗತಿಗಳು, ಒಂದು ಗಳಿಗೆಯ ತಡೆ, ಮತ್ತೊಂದರ ಅವಸರ, ಕಿವಿಗೆ ಗೋಚರಿಸುತ್ತವೆ. ಬರೆದ ಪ್ರತಿಯೊಂದೇ ಉಳಿದಿದ್ದರೆ ಇವೆಲ್ಲವೂ ಅವರೊಡನೆಯೇ ಹೋಗುತ್ತಿದ್ದುವು.

ಅದೇ ಗ್ರಂಥಾಲಯಕ್ಕೆ ಗರ್ಟ್ರೂಡ್ ಕ್ಲಾರ್ಕ್ ವಿಟ್ಟಲ್ ಎಂಬಾಕೆ ೧೯೩೫ರಲ್ಲಿ ಸ್ಟ್ರಾಡಿವಾರಿಯ ಕೈಯಿಂದ ಆದ ಐದು ತಂತಿವಾದ್ಯಗಳನ್ನು ಒಪ್ಪಿಸಿದರು. ಅವು ಗಾಜಿನ ಪೆಟ್ಟಿಗೆಯ ಪ್ರದರ್ಶನವಸ್ತುಗಳಾಗಬಾರದು, ನುಡಿಯುತ್ತಿರಬೇಕು ಎಂಬುದು ಆಕೆಯ ಇಚ್ಛೆ. ಕೊಡುವವರಲ್ಲಿ ಇಷ್ಟು ವಿವೇಕವಿದ್ದರೆ ಪಡೆಯುವವರಲ್ಲಿಯೂ ವಿವೇಕ ಬೆಳೆಯುತ್ತದೆ.

ಇದೆಲ್ಲ ದೂರದ ಸೀಮೆಯ ಮಾತಾಯಿತು, ನಮಗೂ ಪಿಯಾನೊಗೂ ಏನು ಸಂಬಂಧ ಎನ್ನುವವರಿಗೆ ಮೈಸೂರನ್ನು ನೆನಪಿಸಬೇಕು. ಜಯಚಾಮರಾಜ ಒಡೆಯರು ಪಿಯಾನೊವನ್ನು ಶಾಸ್ತ್ರೀಯವಾಗಿ ಕಲಿತವರು. ಲಂಡನ್ನಿನಲ್ಲಿ ಅನಾರೋಗ್ಯದಿಂದ ಕಷ್ಟಪಡುತ್ತಿದ್ದ ರಷ್ಯದ ಪಿಯಾನೊವಾದಕ, ಕೃತಿಕಾರ ನಿಕೊಲಾಯ್ ಮೆಟ್ನರರ ಸಂಗೀತ ಅಳಿಯದಿರಲೆಂದು ಅವರ ಹೆಸರಿನಲ್ಲಿ ಸಂಘವೊಂದನ್ನು ಸ್ಥಾಪಿಸಿ, ಮುದುಕರಾಗಿದ್ದ ಅವರಿಂದಲೇ ನುಡಿಸಿ ಮುದ್ರಿಕೆ ಮಾಡಿಸಿದರು. ಮೆಟ್ನರ್ ೧೯೫೧ರಲ್ಲಿ ತೀರಿಕೊಂಡರು. ಅವರ ಮೂರನೆಯ ಪಿಯಾನೊ ಕಾನ್ಚರ್ಟೊ ಮೈಸೂರಿನ ಮಹಾರಾಜರಿಗೆ ಅರ್ಪಿತವಾಗಿದೆ. ಇದೇ ಮಹಾರಾಜರು ತಮ್ಮ ಹೆಸರಿನ ಗ್ರಂಥರತ್ನಮಾಲೆಯಲ್ಲಿ ವೇದ ಪುರಾಣಗಳನ್ನು ಕನ್ನಡಕ್ಕೆ ತಂದು ಮನೆಮನೆಗೆ ಮುಟ್ಟಿಸಿದವರು. ಗ್ರಂಥವನ್ನೂ ನಾದವನ್ನೂ ಬೇರೆಬೇರೆಯೆಂದು ಅವರು ಎಣಿಸಲಿಲ್ಲ.

ವಾಸ್ತವವಾಗಿ, ಹಾಗೆ ಎಣಿಸುವುದು ಕನ್ನಡದ ಸಂಪ್ರದಾಯವೇ ಅಲ್ಲ. ಕುಮಾರವ್ಯಾಸ ಲಕ್ಷ್ಮೀಶರನ್ನು ನಮ್ಮ ಹಿರಿಯರು ಮೌನವಾಗಿ ಓದಿದವರಲ್ಲ. ಒಬ್ಬರು ರಾಗವಾಗಿ ವಾಚಿಸಬೇಕು, ಇನ್ನೊಬ್ಬರು ಅರ್ಥ ಹೇಳಬೇಕು, ಊರೆಲ್ಲ ಕುಳಿತು ಕೇಳಬೇಕು. ಓದುಬರಹ ಬಾರದವನಿಗೂ ಭಾರತ ಬರುತ್ತಿದ್ದುದು ಹೀಗೆ. ಶಿವಮೊಗ್ಗದ ಸಮೀಪದ ಹೊಸಹಳ್ಳಿಯಂತಹ ಊರುಗಳು ಈ ವಿದ್ಯೆಯನ್ನು ಉಳಿಸಿಕೊಂಡಿವೆ. ಅಲ್ಲಿಯ ಗಮಕಿ ಕೇಶವಮೂರ್ತಿಯವರಿಗೆ ೨೦೨೨ರಲ್ಲಿ ಪದ್ಮಶ್ರೀ ಗೌರವವೂ ಸಂದಿತು. ಆದರೆ ಕಾವ್ಯಗಳನ್ನು ಇಟ್ಟುಕೊಂಡಿರುವ ಗ್ರಂಥಾಲಯಗಳಲ್ಲಿ ಗಮಕದ ಧ್ವನಿ ಕೇಳುವುದು ಅಪರೂಪ. ನಾನು ಹಿಂದೆ ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ, ಓದುವ ವೇಳೆ ಮುಗಿದ ಮೇಲೆ ಪುಸ್ತಕಶಾಲೆಯ ದೊಡ್ಡ ಕೊಠಡಿಯಲ್ಲಿ ತಿಂಗಳಿಗೊಮ್ಮೆ ಕಾವ್ಯವಾಚನ ನಡೆಸಲು ಅನುಮತಿ ಕೇಳಿದೆ. 'ಅದು ಶಾಂತವಾಗಿರಬೇಕಾದ ಸ್ಥಳ. ಬೇಕಾದರೆ ಹೊರಗೆ ಶಾಮಿಯಾನ ಹಾಕಿಸಿಕೊಳ್ಳಿ' ಎಂಬ ಉತ್ತರ ಬಂದಿತು. ಆ ವರ್ಷ ಗದುಗಿನ ಭಾರತವನ್ನು ತರಗತಿಯಲ್ಲಿ ಪಾಠ ಮಾಡುವಾಗ ವಿದ್ಯಾರ್ಥಿನಿಯೊಬ್ಬಳು, "ಷಟ್ಪದಿಯ ಮಾತ್ರೆಗಳನ್ನು ಎಣಿಸುವುದು ಬರುತ್ತದೆ ಸಾರ್, ಆದರೆ ಅದು ಹೇಗೆ ಕೇಳಿಸುತ್ತದೆಂದು ಗೊತ್ತಿಲ್ಲ" ಎಂದಳು. ಈಕೆಯ ಕೊರತೆಯನ್ನು ಯಾವ ಟಿಪ್ಪಣಿ ಪುಸ್ತಕ ತುಂಬೀತು?

ಮೌನವನ್ನು ಬೇಡುವ ಓದುಗರ ಪಕ್ಷವೂ ನ್ಯಾಯವಾದುದೇ. ಪರೀಕ್ಷೆಗೆ ಓದುವ ಬಡಹುಡುಗನಿಗೆ ಮನೆಯಲ್ಲಿಲ್ಲದ ಏಕಾಂತ ದೊರೆಯುವುದು ಸಾರ್ವಜನಿಕ ಗ್ರಂಥಾಲಯದಲ್ಲಿಯೇ. ಅದನ್ನು ಕದಡುವ ಹಕ್ಕು ಯಾರಿಗೂ ಇಲ್ಲ. ವಾಷಿಂಗ್ಟನ್ನಿನವರೂ ಓದುವ ಮೇಜಿನ ಪಕ್ಕದಲ್ಲಿ ಪಿಯಾನೊ ಇಡಲಿಲ್ಲ. ನಾದಕ್ಕೆ ಬೇರೆ ಕೋಣೆ, ಬೇರೆ ವೇಳೆ ಗೊತ್ತುಮಾಡಿದರು. ಮೌನಕ್ಕೂ ನಾದಕ್ಕೂ ಒಂದೇ ಸೂರಿನಡಿ ಎಡೆಯುಂಟೆಂಬುದೇ ಅವರ ಅನುಭವದ ಸಾರ.

ನಮ್ಮಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಶಾಸನವಾದುದು ೧೯೬೫ರಲ್ಲಿ. ಕಟ್ಟಡಗಳು ಎದ್ದಿವೆ, ಪುಸ್ತಕಗಳು ಸೇರಿವೆ. ಐನೂರು ಆಸನದ ಸಭಾಂಗಣವನ್ನೂ ಪಿಯಾನೊವನ್ನೂ ಈಗಲೇ ಕೇಳಬೇಕಾಗಿಲ್ಲ. ಒಂದು ಕೊಠಡಿ, ಒಂದು ಜಮಖಾನೆ, ತಿಂಗಳಿಗೆ ಒಂದು ಸಂಜೆ, ಗಮಕಿಗಳಿಗೆ ಸಲ್ಲತಕ್ಕ ಮರ್ಯಾದೆಯ ಸಂಭಾವನೆ, ಅವರ ವಾಚನವನ್ನು ಮುದ್ರಿಸಿ ಜೋಪಾನ ಮಾಡುವ ಏರ್ಪಾಡು: ಇಷ್ಟಾದರೆ ಆರಂಭಕ್ಕೆ ಸಾಕು. ಈ ವಿದ್ಯೆಯನ್ನು ಕಂಠದಲ್ಲಿ ಧರಿಸಿರುವ ಹಿರಿಯರು ವರ್ಷ ವರ್ಷಕ್ಕೂ ವಿರಳವಾಗುತ್ತಿದ್ದಾರೆ. ಪುಸ್ತಕಗಳು ಕಪಾಟಿನಲ್ಲಿ ಇನ್ನೂ ನೂರು ವರ್ಷ ಕಾಯಬಲ್ಲವು, ಅವರು ಕಾಯಲಾರರು.