ಜೀಪಿನ ತಗಡುಭಾಗಗಳ ಅದಲುಬದಲು: ಚರಿತ್ರೆಯ ದೃಷ್ಟಿಯಿಂದ ಒಂದು ವಿವೇಚನೆ

ಚಾಮರಾಜಪೇಟೆಗೆ ಹೊಂದಿಕೊಂಡ ಕಲಾಸಿಪಾಳ್ಯವೂ ಅದರ ಸಮೀಪದ ಜಯಚಾಮರಾಜೇಂದ್ರ ರಸ್ತೆಯೂ ಮೋಟಾರು ಬಿಡಿಭಾಗಗಳ ವ್ಯಾಪಾರಕ್ಕೆ ಹೆಸರಾಗಿವೆ. ಭಾರತದಲ್ಲಿ ತಯಾರಾದ ಜೀಪಿನ ತಗಡುಭಾಗ ಅಮೆರಿಕದ ಜೀಪಿಗೆ ಕೂಡುವುದೇ ಎಂಬ ಪ್ರಶ್ನೆ ಇಂಥ ಪೇಟೆಗಳಿಗೆ ಸಹಜವಾದುದು. ಹಳೆಯ ವಾಹನವನ್ನು ಚರಿತ್ರೆಯ ಆಕರವೆಂದು ಬಗೆಯುವವರಿಗೆ ಇದು ಪ್ರಾಮಾಣ್ಯದ ಪ್ರಶ್ನೆಯೂ ಆಗಿದೆ.

ಈ ಅದಲುಬದಲಿನ ಮೂಲವು ಎರಡನೆಯ ಮಹಾಯುದ್ಧದಲ್ಲಿದೆ. ವಿಲ್ಲಿಸ್ ಸಂಸ್ಥೆಯೊಂದರಿಂದಲೇ ಸೈನ್ಯದ ಬೇಡಿಕೆ ಪೂರೈಸದೆಂದು ಅಮೆರಿಕದ ಸರ್ಕಾರವು ಅದರ ನಕ್ಷೆಗಳಂತೆಯೇ ಜೀಪನ್ನು ನಿರ್ಮಿಸಲು ಫೋರ್ಡ್ ಸಂಸ್ಥೆಗೂ ವಹಿಸಿತು. ಒಂದರ ಭಾಗ ಮತ್ತೊಂದಕ್ಕೆ ಕೂಡಬೇಕೆಂಬುದೇ ಅಲ್ಲಿಯ ನಿಯಮ; ರಣರಂಗದಲ್ಲಿ ಮುರಿದ ಎರಡು ವಾಹನಗಳಿಂದ ಓಡುವ ಒಂದನ್ನು ಕಟ್ಟಲು ಇದರಿಂದ ಸಾಧ್ಯವಾಯಿತು. 1945ರೊಳಗೆ ಇವೆರಡೂ ಕೂಡಿ ಸುಮಾರು 6,40,000 ಜೀಪುಗಳನ್ನು ತಯಾರಿಸಿದುವು. ಆದರೂ ಚಾಸಿಯ ಮುಂದಿನ ಅಡ್ಡಪಟ್ಟಿಯು ವಿಲ್ಲಿಸ್‌ನಲ್ಲಿ ಕೊಳವೆಯಂತೆಯೂ ಫೋರ್ಡ್‌ನಲ್ಲಿ ಬೋರಲು ಹಾಕಿದ ದೋಣಿಯಂತೆಯೂ ಇತ್ತು. ಮೈಯ ತಗಡು ಮರೆಸುವುದನ್ನು ಚಾಸಿ ಹೇಳುತ್ತದೆ.

ಯುದ್ಧಾನಂತರ ನಾಗರಿಕರಿಗಾಗಿ ಬಂದ ಜೀಪಿನಲ್ಲಿ ಮುಂಭಾಗದ ಜಾಲರಿಯ ಸೀಳುಗಳು ಒಂಬತ್ತರಿಂದ ಏಳಕ್ಕೆ ಇಳಿದುವು; ಹಿಂದೆ ತೆರೆಯುವ ಬಾಗಿಲು ಬಂದಿತು. 1953ರ ಸಿಜೆ-3ಬಿ ಮಾದರಿಯಲ್ಲಿ ಒಳಸೇರಿಕೆಯ ಕವಾಟಗಳನ್ನು ಎಂಜಿನ್ನಿನ ತಲೆಯಲ್ಲಿ ಇರಿಸಿದ್ದರಿಂದ ಎಂಜಿನ್ ಎತ್ತರವಾಯಿತು. ಅದಕ್ಕೆ ತಕ್ಕಂತೆ ಬಾನೆಟ್ಟೂ ಎದ್ದುನಿಂತಿತು. 1945ರಲ್ಲಿ ಸ್ಥಾಪಿತವಾಗಿ 1948ರಲ್ಲಿ ಈಗಿನ ಹೆಸರನ್ನು ಪಡೆದ ಮಹೀಂದ್ರ ಅಂಡ್ ಮಹೀಂದ್ರ ಸಂಸ್ಥೆಯು ಪರವಾನಗಿ ಪಡೆದು ಈ ಮಾದರಿಯನ್ನು ಬಲಗೈ ಚಾಲನೆಯೊಡನೆ ಭಾರತದಲ್ಲಿ ತಯಾರಿಸಿತು. ಅಮೆರಿಕದಲ್ಲಿ 1968ರಲ್ಲಿ ನಿಂತುಹೋದ ಆ ಎತ್ತರದ ಮುಖವು ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಮುಂದುವರಿಯಿತು.

ಹೀಗಾಗಿ ಕೂಡುವುದು ಯಾವುದು, ಕೂಡದುದು ಯಾವುದು ಎಂಬುದು ಸ್ಪಷ್ಟವಾಗುತ್ತದೆ. ಯುದ್ಧಕಾಲದ ಜೀಪಿಗೂ ಸಿಜೆ-3ಬಿಗೂ ಗಾಲಿಗಳ ನಡುವಣ ಅಂತರ ಸುಮಾರು 80 ಅಂಗುಲವೇ. ಆದ್ದರಿಂದ ಒಂದರ ಇಡಿಯ ಮೈಯನ್ನು ಮತ್ತೊಂದರ ಚಾಸಿಯ ಮೇಲೆ ಅಲ್ಪಸ್ವಲ್ಪ ತಿದ್ದಿ ಕೂರಿಸಬಹುದು. ಆದರೆ ಬಾನೆಟ್ಟು, ಜಾಲರಿ, ಅವುಗಳ ಹಿಂದಿನ ಅಡ್ಡಗೋಡೆ, ಮುಂಗಾಜಿನ ಚೌಕಟ್ಟು ಇವು ಬಿಡಿಬಿಡಿಯಾಗಿ ಹೊಂದುವುದಿಲ್ಲ. ಚಾಲಕಚಕ್ರದ ಪಾರ್ಶ್ವ ಬೇರೆಯಾದ್ದರಿಂದ ಮುಂಫಲಕವೂ ಹೊಂದದು.

ಈ ಸೌಲಭ್ಯದಿಂದಲೇ ಒಂದು ತೊಡಕು ಹುಟ್ಟಿದೆ. ಭಾರತೀಯ ಜೀಪಿನ ಎತ್ತರದ ಮುಖವನ್ನು ತೆಗೆದು ತಗ್ಗು ಬಾನೆಟ್ಟಿನ ಮೈಯನ್ನು ತೊಡಿಸಿ, ಹಸುರು ಬಣ್ಣ ಬಳಿದು, ಯುದ್ಧಕಾಲದ ವಾಹನದಂತೆ ತೋರಿಸುವ ರೂಢಿ ಬೆಳೆದಿದೆ. ಹಸ್ತಪ್ರತಿಯ ಪ್ರಾಚೀನತೆಯನ್ನು ನಾವು ಹೊರಗಿನ ಕಟ್ಟಿನಿಂದ ನಿರ್ಣಯಿಸುವುದಿಲ್ಲ. ಲಿಪಿಯನ್ನೂ ಪಾಠಾಂತರಗಳನ್ನೂ ಪರೀಕ್ಷಿಸುತ್ತೇವೆ. ಜೀಪಿನಲ್ಲಿಯೂ ಮೊದಲು ಚಾಸಿಯ ಅಡ್ಡಪಟ್ಟಿ, ಎಂಜಿನ್ನಿನ ರಚನೆ, ಕೊರೆದ ಸಂಖ್ಯೆ, ನೋಂದಣಿಪತ್ರ ಇವನ್ನು ನೋಡಿ, ಕಡೆಗೆ ತಗಡನ್ನು ನೋಡುವುದು ಯುಕ್ತ.

ಇಲ್ಲಿ ಆಗುವ ನಷ್ಟ ಮೋಸಹೋದ ಕೊಳ್ಳುವವನದು ಮಾತ್ರವಲ್ಲ. ಎದ್ದುನಿಂತ ಆ ಬಾನೆಟ್ಟು ಸ್ವತಂತ್ರ ಭಾರತದ ಕೈಗಾರಿಕೆಯ ಮೊದಲ ದಶಕಗಳ ಕುರುಹು. ಬೇರೊಂದು ದೇಶದ ಯುದ್ಧಸ್ಮೃತಿಯನ್ನು ಅನುಕರಿಸಲೆಂದು ಅದನ್ನು ಕತ್ತರಿಸಿ ಎಸೆದಾಗ, ದೊರೆಯುವುದು ಒಂದು ಹುಸಿ ಆಕರ. ಅಳಿಯುವುದು ನಮ್ಮದೇ ಆದ ನಿಜವಾದ ಆಕರ.