ದೂರದೇಶದಲ್ಲಿ ನೆಲೆಸಿದವರ ಕೊನೆಯ ದಿನಗಳು: ಮೊದಲೇ ಹೇಳಿಡಬೇಕಾದ ಮೂರು ಮಾತುಗಳು

ಬೀರೂರಿನ ಸಮೀಪದ ಹಳ್ಳಿಯ ಹಿರಿಯರೊಬ್ಬರು ಬಹುಕಾಲ ನಮ್ಮಲ್ಲಿ ಚಿಕಿತ್ಸೆ ಪಡೆದವರು. ಅಡಕೆ ತೋಟದ ಯಜಮಾನರು, ಒಂದು ದಿನವೂ ಲಿಂಗಪೂಜೆಯನ್ನು ತಪ್ಪಿಸದವರು. ಮಡದಿ ಲಿಂಗೈಕ್ಯರಾದ ಬಳಿಕ ತಂದೆ ಒಂಟಿಯಾಗಿರುವುದು ಬೇಡವೆಂದು ಮಗ ಅವರನ್ನು ಅಮೆರಿಕೆಗೆ ಕರೆದೊಯ್ದ. ಅಲ್ಲಿ ಮೊಮ್ಮಕ್ಕಳೊಡನೆ ನೆಲೆಸಿದರೂ, ದಸರೆಯಲ್ಲಿ ಮೈಲಾರಲಿಂಗೇಶ್ವರನ ಕಾರಣಿಕದ ಹೊತ್ತಿಗೆ ಊರಿಗೆ ಬರುತ್ತಿದ್ದರು. ಬಂದಾಗ ನಾಡಿ ತೋರಿಸಲು ನಮ್ಮಲ್ಲಿಗೂ ಬರುವುದು ರೂಢಿ. ಅಂಥ ಒಂದು ಭೇಟಿಯಲ್ಲಿ ಅವರು ತಾವಾಗಿಯೇ ಹೇಳಿದರು:

“ಡಾಕ್ಟ್ರೇ, ಅಲ್ಲಿ ಎಲ್ಲಾ ಚೆನ್ನಾಗಿದೆ. ಆದ್ರೆ ಕೊನೆಗೆ ನನ್ನನ್ನ ಇಲ್ಲಿಗೇ ತರಬೇಕು. ತೋಟದ ಬಾವಿ ಹತ್ರ, ಅವಳ ಪಕ್ಕದಲ್ಲಿ. ಮೂಗಿಗೆ ಬಾಯಿಗೆ ಪೈಪು ಹಾಕಿ ಎಳೆದಾಡೋದು ಬೇಡ.”

ನಾವು ನಕ್ಕು, “ಇನ್ನೂ ಹತ್ತು ದಸರೆ ನೋಡ್ತೀರಿ ಯಜಮಾನ್ರೆ” ಎಂದು ಮಾತು ಮರೆಸಿದೆವು.

ಎರಡು ವರ್ಷಗಳ ನಂತರ ಅವರಿಗೆ ಅಮೆರಿಕೆಯಲ್ಲಿ ಪಾರ್ಶ್ವವಾಯು ಬಡಿಯಿತು. ಮಾತು ನಿಂತಿತು, ಉಸಿರಾಟದ ಯಂತ್ರ ಅಳವಡಿಸಿದರು. ಯಂತ್ರ ತೆಗೆಯಬಾರದೆಂದು ಮಗ, ಅಪ್ಪನಿಗೆ ಇನ್ನು ಹಿಂಸೆ ಬೇಡವೆಂದು ಬೆಂಗಳೂರಿನಿಂದ ಮಗಳು. ಅಲ್ಲಿನ ವೈದ್ಯರು ದಿನವೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಇವರ ಇಚ್ಛೆ ಏನಿತ್ತು?” ಇಬ್ಬರಿಗೂ ಗೊತ್ತಿರಲಿಲ್ಲ. ಹದಿನಾರನೆಯ ದಿನ ಅವರು ಲಿಂಗೈಕ್ಯರಾದರು. ಶರೀರವನ್ನು ಊರಿಗೆ ತರುವ ದಾರಿ ತಿಳಿಯದೆ ಅಲ್ಲಿಯೇ ದಹನ ಮಾಡಿ, ಬೂದಿಯನ್ನು ಮಾತ್ರ ತಂದರು.

ಊರಿಗೆ ಬಂದ ಮಗ ನಮ್ಮೆದುರು ಕುಳಿತು ಕೇಳಿದ: “ಅಪ್ಪ ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ ಡಾಕ್ಟ್ರೇ?” ಹೇಳಿದ್ದರು ಎಂದು ಒಪ್ಪಿಕೊಳ್ಳಬೇಕಾಯಿತು. ಅವನೂ ಅವನ ತಂಗಿಯೂ ಹದಿನಾರು ದಿನ ಅರಸಿದ ಉತ್ತರ ನಮ್ಮ ಕಿವಿಯಲ್ಲೇ ಉಳಿದುಹೋಗಿತ್ತು. ಈ ಲೇಖನ ಬರೆಯಲು ಆ ದಿನದ ಸಂಕಟವೇ ಕಾರಣ.

ವೈದ್ಯನ ಮೌನ ಮತ್ತು ಮನೆಯವರ ಮೌನ

ಚರಕಸಂಹಿತೆಯ ಇಂದ್ರಿಯಸ್ಥಾನದ ಹನ್ನೆರಡು ಅಧ್ಯಾಯಗಳು ಮರಣಸೂಚಕ ಲಕ್ಷಣಗಳನ್ನು, ಅಂದರೆ ಅರಿಷ್ಟಗಳನ್ನು ವಿವರಿಸುತ್ತವೆ. ಅಂಥ ಲಕ್ಷಣ ಕಂಡರೂ ಕೇಳದಿದ್ದಾಗ ವೈದ್ಯನು ಅದನ್ನು ನುಡಿಯಬಾರದು. ಕೇಳಿದರೂ ರೋಗಿಗಾಗಲಿ ಬಂಧುಗಳಿಗಾಗಲಿ ಆಘಾತವಾಗುವಂತಿದ್ದರೆ ಹೇಳಬಾರದು ಎಂಬುದು ಶಾಸ್ತ್ರದ ವಿಧಿ. ಇದು ಕರುಣೆಯಿಂದ ಹುಟ್ಟಿದ ನಿಯಮ. ಆದರೆ ಇದು ಅಂತ್ಯಕಾಲ ಸಮೀಪಿಸಿದವನ ಹಾಸಿಗೆಯ ಬಳಿ ಅನ್ವಯಿಸುವ ಮಾತು. ಆರೋಗ್ಯವಾಗಿದ್ದು, ಸ್ವಸ್ಥ ಬುದ್ಧಿಯಿಂದ ತನ್ನ ಕೊನೆಯ ಬಗ್ಗೆ ತಾನೇ ಮಾತೆತ್ತಿದವನ ಬಾಯಿ ಮುಚ್ಚಿಸಲು ಆ ವಿಧಿಯನ್ನು ಬಳಸಿದ್ದು ನಮ್ಮ ತಪ್ಪು.

ನಮ್ಮ ಶರಣರು ಮರಣವನ್ನು ಹಬ್ಬವೆಂದು ಕಂಡವರು. ಅದನ್ನು ‘ಐಕ್ಯ’ ಎಂದು ಕರೆದವರು. ಪಂಚಸೂತಕಗಳನ್ನೇ ನಿರಾಕರಿಸಿದ ಪರಂಪರೆಯವರಾದ ನಾವು ಸಾವಿನ ಮಾತಿಗೆ ಮಾತ್ರ ಸೂತಕ ಹಚ್ಚುವುದು ಸಲ್ಲದು.

ಚರಕಾಚಾರ್ಯರು ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಮನುಷ್ಯನು ಅರಸಬೇಕಾದ ಮೂರು ಏಷಣೆಗಳನ್ನು ಹೇಳಿದ್ದಾರೆ: ಪ್ರಾಣೈಷಣೆ, ಧನೈಷಣೆ, ಪರಲೋಕೈಷಣೆ. ಹೊರದೇಶದಲ್ಲಿ ನೆಲೆಸಿದವರು ಮೊದಲೇ ಇತ್ಯರ್ಥ ಮಾಡಬೇಕಾದ ವಿಷಯಗಳೂ ಈ ಮೂರೇ.

ಪ್ರಾಣದ ಮಾತು: ಯಾವ ಚಿಕಿತ್ಸೆ, ಎಲ್ಲಿಯವರೆಗೆ?

ಚೇತರಿಕೆಯ ಭರವಸೆ ಇಲ್ಲದ ಸ್ಥಿತಿಯಲ್ಲಿ ಕೃತಕ ಉಸಿರಾಟ, ನಳಿಕೆಯ ಆಹಾರ ಮುಂತಾದವು ಬೇಕೋ ಬೇಡವೋ ಎಂಬುದನ್ನು ಮುಂಚಿತವಾಗಿ ಬರೆದಿಡುವ ಹಕ್ಕನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ಕಾಮನ್ ಕಾಸ್ ಪ್ರಕರಣದಲ್ಲಿ ಎತ್ತಿಹಿಡಿಯಿತು. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತನ್ನ ಪರವಾಗಿ ನಿರ್ಧಾರ ಹೇಳಬೇಕಾದ ಆಪ್ತರ ಹೆಸರುಗಳನ್ನೂ ಅದರಲ್ಲಿ ಬರೆಯಬೇಕು. ಬರೆದವರು ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಹಿಂಪಡೆಯಬಹುದು. ಚಿಕಿತ್ಸೆ ನಿಲ್ಲಿಸುವ ಮೊದಲು ವೈದ್ಯರ ಎರಡು ಮಂಡಳಿಗಳು ಪರಿಶೀಲಿಸಬೇಕೆಂಬ ರಕ್ಷಣೆಯೂ ಇದೆ. ಕರ್ನಾಟಕ ಸರ್ಕಾರವು 2025ರ ಜನವರಿ ಕೊನೆಯಲ್ಲಿ ಇದನ್ನು ಜಾರಿಗೊಳಿಸುವ ಆದೇಶ ಹೊರಡಿಸಿದಾಗ, ಘನತೆಯ ಮರಣಕ್ಕಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಹೋರಾಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮನವರ ಹೆಸರು ನಾಡಿನಾದ್ಯಂತ ಕೇಳಿಬಂದಿತು.

ಇದು ದಯಾಮರಣದ ಚುಚ್ಚುಮದ್ದಲ್ಲ. ಫಲವಿಲ್ಲದ ಯಂತ್ರದ ನೆರವನ್ನು ನಿಲ್ಲಿಸಿ, ನೋವುಶಮನ ಮತ್ತು ಆರೈಕೆಯನ್ನು ಮುಂದುವರಿಸುವುದು ಮಾತ್ರ. ಅಸಾಧ್ಯವೆಂದು ನಿಶ್ಚಯವಾದ ವ್ಯಾಧಿಯಲ್ಲಿ ಚಿಕಿತ್ಸೆಯ ಆಡಂಬರ ಬೇಡವೆಂಬ ಆಯುರ್ವೇದದ ವಿವೇಕಕ್ಕೆ ಇದು ದೂರವಾದುದಲ್ಲ.

ಆದರೆ ಇಲ್ಲಿ ಬರೆದ ಪತ್ರ ಹೊರದೇಶದ ಆಸ್ಪತ್ರೆಯಲ್ಲಿ ತಾನಾಗಿಯೇ ನಡೆಯುತ್ತದೆಂದು ನಂಬಬಾರದು. ವಾಸವಿರುವ ದೇಶದ ಕಾನೂನಿನಂತೆ ಅಲ್ಲಿಯೂ ಒಂದು ಪತ್ರ ಬೇಕು. ಅಮೆರಿಕೆಯಲ್ಲಿ ಇದಕ್ಕೆ ‘ಅಡ್ವಾನ್ಸ್ ಡೈರೆಕ್ಟಿವ್’ ಎನ್ನುತ್ತಾರೆ. ನಮೂನೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಮ್ಮ ಪರವಾಗಿ ಮಾತನಾಡುವವರನ್ನು ‘ಹೆಲ್ತ್‌ಕೇರ್ ಪ್ರಾಕ್ಸಿ’ ಎಂದು ನೇಮಿಸಬಹುದು. ಇಂಗ್ಲೆಂಡಿನಲ್ಲಿ 2005ರ ಮೆಂಟಲ್ ಕೆಪ್ಯಾಸಿಟಿ ಕಾಯಿದೆಯಡಿ ಇಂಥದೇ ವ್ಯವಸ್ಥೆ ಇದೆ. ಮಕ್ಕಳು ಹಲವರಿದ್ದರೆ ಒಬ್ಬರನ್ನು ಮುಖ್ಯರೆಂದು ಹೆಸರಿಸಿ, ಉಳಿದವರಿಗೂ ಅದನ್ನು ತಿಳಿಸಿಡುವುದು ಲೇಸು. ಹೆಸರಿಸದೆ ಬಿಟ್ಟರೆ ಅಣ್ಣತಂಗಿಯರ ನಡುವೆ ಏಳುವ ವಿರಸವು ಹಿರಿಯರು ಹೋದ ಮೇಲೂ ಉಳಿಯುತ್ತದೆ.

ಸೇವಿಸುವ ಎಲ್ಲ ಔಷಧಗಳ ಪಟ್ಟಿಯೂ ಈ ಕಡತದಲ್ಲಿರಲಿ. ಊರಿನಿಂದ ಒಯ್ದ ಕಷಾಯ, ಚೂರ್ಣ, ಭಸ್ಮಗಳನ್ನು ಅಲ್ಲಿನ ವೈದ್ಯರಿಂದ ಮುಚ್ಚಿಡಬಾರದು. ರಕ್ತ ತಿಳಿಯಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಅತ್ಯಂತ ಮುಖ್ಯ.

ಇನ್ನೊಂದು ಸೂಕ್ಷ್ಮ. ಅಂತ್ಯಕಾಲದಲ್ಲಿ ಜಠರಾಗ್ನಿ ತಾನಾಗಿ ಕುಂದುತ್ತದೆ, ಹಸಿವು ಬಾಯಾರಿಕೆಗಳು ಇಳಿಯುತ್ತವೆ. ಆಗ ಒತ್ತಾಯದಿಂದ ಉಣಿಸಿದರೆ ಬಲ ಬರುವುದಿಲ್ಲ. ಅನ್ನ ಶ್ವಾಸನಾಳಕ್ಕಿಳಿದು ಕೆಮ್ಮು, ಉಬ್ಬಸ ಹೆಚ್ಚುತ್ತದೆ. ವಿಡಿಯೋ ಕರೆಯಲ್ಲಿ ನೋಡುವ ಬಂಧುಗಳು “ಏನೂ ತಿನ್ನಿಸ್ತಿಲ್ವಾ” ಎಂದು ಆರೈಕೆ ಮಾಡುವವರನ್ನು ದೂರುವ ಮೊದಲು ಇದನ್ನು ಅರಿಯಬೇಕು. ತುಟಿ ಒದ್ದೆ ಮಾಡುವುದು, ಬಾಯಿ ಶುಚಿಯಾಗಿಡುವುದು, ಮಗ್ಗುಲು ಬದಲಿಸುವುದು, ಕೈಹಿಡಿದು ಕುಳಿತುಕೊಳ್ಳುವುದು, ಇವೇ ಆಗಿನ ಚಿಕಿತ್ಸೆ. ಇಂಥ ಆರೈಕೆಗೆ ಮೀಸಲಾದ ‘ಹಾಸ್ಪಿಸ್’ ಸೇವೆ ಅಮೆರಿಕೆಯಲ್ಲಿ ಮನೆಗೇ ಬರುತ್ತದೆ. ಆಯುಸ್ಸು ಆರು ತಿಂಗಳೊಳಗೆ ಎಂದು ವೈದ್ಯರು ದೃಢೀಕರಿಸಿದರೆ ಮೆಡಿಕೇರ್ ಇರುವವರಿಗೆ ಅದರ ವೆಚ್ಚ ದೊರೆಯುತ್ತದೆ. ಊರಿಗೆ ಮರಳಲು ಬಯಸುವ ಕ್ಯಾನ್ಸರ್ ರೋಗಿಗಳಿಗೆ ಬೆಂಗಳೂರಿನ ಕರುಣಾಶ್ರಯವು ಉಚಿತವಾಗಿ ಈ ಸೇವೆ ನೀಡುತ್ತಿದೆ. ಆದರೆ ಪ್ರಯಾಣ ಮಾಡುವ ಶಕ್ತಿ ಇರುವಾಗಲೇ ಮರಳಬೇಕು.

ಧನದ ಮಾತು: ಕಾಗದಪತ್ರಗಳು

ಇದು ನಮ್ಮ ಶಾಸ್ತ್ರದ ವಿಷಯವಲ್ಲವಾದ್ದರಿಂದ ಸಂಕ್ಷೇಪವಾಗಿ ಹೇಳುತ್ತೇವೆ. ಊರಿನ ತೋಟ, ಮನೆಗಳ ಬಗ್ಗೆ ಇಲ್ಲಿ ಒಂದು ಉಯಿಲು, ಅಲ್ಲಿನ ಆಸ್ತಿಗೆ ಆ ದೇಶದ ವಕೀಲರ ಸಲಹೆಯಂತೆ ಇನ್ನೊಂದು ಇರಲಿ. ಎರಡನೆಯದು ಮೊದಲನೆಯದನ್ನು ರದ್ದುಮಾಡದಂತೆ ಎಚ್ಚರ ವಹಿಸಬೇಕು. ಉಯಿಲಿಗೆ ಇಬ್ಬರು ಸಾಕ್ಷಿಗಳು ಸಾಕು. ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸುವುದು ಉತ್ತಮ. ತಮ್ಮನಿಗೆ ಕೊಟ್ಟ ಪವರ್ ಆಫ್ ಅಟಾರ್ನಿ ಇದೆಯೆಂದು ಅನೇಕರು ನಿಶ್ಚಿಂತರಾಗಿರುತ್ತಾರೆ. ಕೊಟ್ಟವರು ತೀರಿಕೊಂಡ ಕ್ಷಣಕ್ಕೆ ಅದರ ಬಲವೂ ಸಾಮಾನ್ಯವಾಗಿ ಮುಗಿಯುತ್ತದೆ. ಬ್ಯಾಂಕಿನ ನಾಮಿನಿಯೂ ಹಣ ಪಡೆಯುವವನೇ ಹೊರತು ಅದರಿಂದಲೇ ವಾರಸುದಾರನಾಗುವುದಿಲ್ಲ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಮುಸ್ಲಿಮೇತರರಿಗೆ 2023ರ ಫೆಬ್ರವರಿಯಿಂದ ಪ್ರತ್ಯೇಕ ಕೌಟುಂಬಿಕ ಕಾನೂನು ಜಾರಿಯಲ್ಲಿದೆ. ಅಲ್ಲಿರುವವರು ಉಯಿಲು ಮಾಡಿಡುವುದನ್ನು ಮುಂದೂಡಬಾರದು. ಇಸಿಆರ್ ಪಾಸ್‌ಪೋರ್ಟಿನಲ್ಲಿ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರಿಗೆ ಕಡ್ಡಾಯವಾದ ಪ್ರವಾಸಿ ಭಾರತೀಯ ವಿಮಾ ಯೋಜನೆಯಲ್ಲಿ ಅಪಘಾತ ಮರಣಕ್ಕೆ 10 ಲಕ್ಷ ರೂಪಾಯಿಗಳ ವಿಮೆ ಇದೆ. ಆ ಪಾಲಿಸಿಯ ಪ್ರತಿ ಊರಿನ ಮನೆಯಲ್ಲೂ ಇರಬೇಕು.

ಪರಲೋಕದ ಮಾತು: ಶರೀರ ಮತ್ತು ಸಂಸ್ಕಾರ

ನಮ್ಮಲ್ಲಿ ಶರೀರವನ್ನು ಕುಳಿತ ಭಂಗಿಯಲ್ಲಿರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ವಿಭೂತಿ ಬಿಲ್ವಗಳೊಡನೆ ಕ್ರಿಯಾಸಮಾಧಿ ಮಾಡುವುದು ವಾಡಿಕೆ. ಊರಿನಲ್ಲಿ ಮರಣವಾದರೆ ಶರೀರ ಸೆಟೆಯುವ ಮೊದಲೇ ಕೂರಿಸುತ್ತೇವೆ. ಮರಣಾನಂತರ ಕೆಲವೇ ಗಂಟೆಗಳಲ್ಲಿ ಸ್ನಾಯುಗಳು ಬಿಗಿಯತೊಡಗಿ, ಸುಮಾರು ಹನ್ನೆರಡು ಗಂಟೆಗಳಲ್ಲಿ ಇಡೀ ದೇಹ ಸೆಟೆಯುತ್ತದೆ. ಹೊರದೇಶದಿಂದ ವಿಮಾನದಲ್ಲಿ ತರಬೇಕಾದರೆ ಶರೀರಕ್ಕೆ ಫಾರ್ಮಲಿನ್ ಮುಂತಾದ ರಾಸಾಯನಿಕ ತುಂಬಿ, ಮಲಗಿಸಿ, ಪೆಟ್ಟಿಗೆಯಲ್ಲಿ ಮುದ್ರೆ ಹಾಕಿ ಕಳುಹಿಸುತ್ತಾರೆ. ಆ ರಾಸಾಯನಿಕದಿಂದ ಬಂದ ಬಿಗಿತ ಮತ್ತೆ ಸಡಿಲುವುದಿಲ್ಲ. ಅಂಥ ಶರೀರವನ್ನು ಬಲವಂತದಿಂದ ಮಡಿಸಿ ಕೂರಿಸಲು ಯತ್ನಿಸಿ ಬಂಧುಗಳು ಕಣ್ಣೀರಿಡುವುದನ್ನು ನಾವು ಕಂಡಿದ್ದೇವೆ. ಆದ್ದರಿಂದ ಊರಿಗೆ ತರಬೇಕೆಂಬ ಇಚ್ಛೆಯುಳ್ಳವರು, ಮಲಗಿದ ಭಂಗಿಯಲ್ಲೇ ಸಮಾಧಿಯಾಗುವುದು ತಮಗೆ ಒಪ್ಪಿಗೆಯೆಂದು ಮೊದಲೇ ಹೇಳಿಡಬೇಕು. ಅಲ್ಲಿಯೇ ಭೂಸಮಾಧಿಯೋ, ದಹನವೋ, ಊರಿಗೆ ತರುವುದೋ ಎಂಬುದನ್ನು ತಮ್ಮ ಗುರುಗಳ ಬಳಿ, ಜಂಗಮರ ಬಳಿ ನೆಮ್ಮದಿಯ ದಿನಗಳಲ್ಲೇ ಕೇಳಿ ತಿಳಿಯಬೇಕು. ಎಲ್ಲ ದೇಶಗಳಲ್ಲಿ ಎಲ್ಲದಕ್ಕೂ ಅವಕಾಶವಿಲ್ಲವೆಂಬುದೂ ನೆನಪಿರಲಿ.

ಇಷ್ಟಲಿಂಗದ ಬಗ್ಗೆ ಒಂದು ಚೀಟಿ ಅಗತ್ಯ. ಎಂಆರ್‌ಐ ಪರೀಕ್ಷೆಗೆ, ಶಸ್ತ್ರಚಿಕಿತ್ಸೆಗೆ ಮೈಮೇಲಿನ ಲೋಹವನ್ನೆಲ್ಲ ತೆಗೆಸುತ್ತಾರೆ. ಅಲ್ಲಿನ ದಾದಿಯರಿಗೆ ಬೆಳ್ಳಿಯ ಕರಡಿಗೆ ಒಂದು ಒಡವೆಯಾಗಿಯೇ ಕಾಣುತ್ತದೆ. “ಇದು ನನ್ನ ಪೂಜಾಲಿಂಗ, ತೆಗೆಯಬೇಕಾದರೆ ಇಂಥವರ ಕೈಗೆ ಕೊಡಿ, ಮರಣಾನಂತರ ನನ್ನ ಎಡಗೈಯಲ್ಲಿಡಿ” ಎಂದು ಆ ದೇಶದ ಭಾಷೆಯಲ್ಲಿ ಬರೆದು ಕಡತದಲ್ಲಿಡಬೇಕು.

ಭಾರತೀಯ ಪೌರರು ಹೊರದೇಶದಲ್ಲಿ ತೀರಿಕೊಂಡರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಮರಣವನ್ನು ನೋಂದಾಯಿಸಬೇಕು. ಶರೀರ ತರಲು ಸ್ಥಳೀಯ ಮರಣಪತ್ರ, ರಾಸಾಯನಿಕ ಸಂರಕ್ಷಣೆಯ ಪ್ರಮಾಣಪತ್ರ, ರದ್ದುಪಡಿಸಿದ ಪಾಸ್‌ಪೋರ್ಟ್, ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕಾಗುತ್ತವೆ. ವಿಮಾನ ನಿಲ್ದಾಣದ ಅನುಮತಿಯನ್ನು ಶೀಘ್ರಗೊಳಿಸಲು ಕೇಂದ್ರ ಆರೋಗ್ಯ ಸಚಿವಾಲಯವು 2023ರ ಆಗಸ್ಟಿನಲ್ಲಿ ‘ಇ-ಕೇರ್’ ಜಾಲತಾಣ ಆರಂಭಿಸಿದೆ. ಬಡ ಕುಟುಂಬಗಳು ರಾಯಭಾರ ಕಚೇರಿಯ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವು ಕೋರಬಹುದು. ದುಃಖದ ಗಳಿಗೆಯಲ್ಲಿ ಇವನ್ನು ಹುಡುಕುವುದು ಕಷ್ಟ. ಪಾಸ್‌ಪೋರ್ಟಿನ ಪ್ರತಿಗಳ ಜೊತೆಗೆ ಈ ಪಟ್ಟಿಯೂ ಒಂದೇ ಕಡತದಲ್ಲಿರಲಿ.

ಯಾರಿಗೆ ಹೇಳಬೇಕು?

ಬೈಲಹೊಂಗಲದ ಆಯುರ್ವೇದ ವೈದ್ಯರಾದ ಡಾ. ಬಿ.ಎಸ್. ರಾಮಣ್ಣವರ ಅವರು ತಮ್ಮ ದೇಹವನ್ನು ವೈದ್ಯಕೀಯ ಅಧ್ಯಯನಕ್ಕೆ ದಾನಮಾಡುವ ಇಚ್ಛೆಯನ್ನು ಮಗನಿಗೆ ಸ್ಪಷ್ಟವಾಗಿ ತಿಳಿಸಿದ್ದರು. ಮಗ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ ಬೆಳಗಾವಿಯಲ್ಲಿ ವಿದ್ಯಾರ್ಥಿಗಳೆದುರು ತಂದೆಯ ದೇಹವನ್ನು ತಾವೇ ಛೇದಿಸಿ ಪಾಠ ಹೇಳಿದರು. ಅಷ್ಟು ಕಠಿಣವಾದ ಕಾರ್ಯವನ್ನೂ ಮಗ ಮಾಡಲು ಸಾಧ್ಯವಾದುದು ತಂದೆಯ ಮನಸ್ಸು ತಿಳಿದಿದ್ದರಿಂದ. ತಿಳಿಯದಿದ್ದರೆ ಸುಲಭದ ನಿರ್ಧಾರವೂ ಮಕ್ಕಳಿಗೆ ಜೀವನಪೂರ್ತಿಯ ಭಾರವಾಗುತ್ತದೆ.

ಹೇಳಬೇಕಾದುದು ನಿರ್ಧಾರ ತೆಗೆದುಕೊಳ್ಳಬೇಕಾದವರಿಗೆ. ವೈದ್ಯರಿಗೆ ಹೇಳಿ, ಗೆಳೆಯರಿಗೆ ಹೇಳಿ ಮಕ್ಕಳಿಗೆ ಹೇಳದಿದ್ದರೆ ಹೇಳಿದಂತಾಗಲಿಲ್ಲ. ಈಗ ನಾವು, ಹೊರದೇಶದಿಂದ ಬಂದ ಹಿರಿಯರು ಇಂಥ ಮಾತೆತ್ತಿದರೆ, ಮರೆಸುವುದಿಲ್ಲ. “ಮಕ್ಕಳಿಗೆ ಹೇಳಿದ್ದೀರಾ?” ಎಂದು ಕೇಳುತ್ತೇವೆ. ಇಲ್ಲವೆಂದರೆ ಅವರ ಒಪ್ಪಿಗೆ ಪಡೆದು ಅಲ್ಲಿಂದಲೇ ಫೋನ್ ಮಾಡಿಸುತ್ತೇವೆ. ಮೊದಲು ಆ ಕಡೆಯಿಂದ “ಅಪ್ಪಾ, ಈಗ್ಯಾಕೆ ಆ ಮಾತು” ಎಂಬ ಗದರಿಕೆ ಬರುತ್ತದೆ. ಸ್ವಲ್ಪ ಹೊತ್ತಿಗೆ ಮೌನ. ಆಮೇಲೆ, “ಸರಿ ಅಪ್ಪ, ಹೇಳಿ” ಎಂಬ ಮಾತು ಬರುತ್ತದೆ.

ಆ ಯಜಮಾನರ ಬೂದಿಯನ್ನು ಮಗನೂ ಮಗಳೂ ಸೇರಿ ತೋಟದ ಬಾವಿಯ ಬಳಿ, ತಾಯಿಯ ಸಮಾಧಿಯ ಪಕ್ಕದಲ್ಲಿಯೇ ಇರಿಸಿದರು. ನಾವೂ ಹೋಗಿ ಒಂದು ಬಿಲ್ವಪತ್ರೆ ಏರಿಸಿ ಬಂದೆವು. ಈ ಸಲದ ರಜೆಗೆ ಮಕ್ಕಳು ಊರಿಗೆ ಬಂದಾಗ, ಶ್ರೀಮಠದ ಸದ್ಭಕ್ತರು ಹಬ್ಬದ ಊಟ ಮುಗಿದ ಮೇಲೆ ಅರ್ಧ ಗಂಟೆ ಕುಳಿತು ಈ ಮೂರು ಮಾತುಗಳನ್ನು ಆಡಿ ಮುಗಿಸಲಿ ಎಂಬುದು ನಮ್ಮ ವಿನಂತಿ.