ಎತ್ತಿನ ಕೊಂಬಿಗೆ ಬಾಚಣಿಕೆ ಹಲ್ಲು

ಪ್ರಶ್ನೆ: ಹಳೆಯ ಕ್ಯಾಮ್‌ಕಾರ್ಡರ್‌ನಲ್ಲಿ ನಮ್ಮೂರ ಎತ್ತಿನ ಗಾಡಿ ಶರ್ಯತ್ತು ತೆಗೆದಿದ್ದೆ. ಟಿವಿಯಲ್ಲಿ ಚೆನ್ನಾಗಿತ್ತು. ಕಂಪ್ಯೂಟರಿನಲ್ಲಿ ಕೊಂಬು, ಗಾಲಿಯ ಅಂಚೆಲ್ಲ ಬಾಚಣಿಕೆಯ ಹಾಗೆ ಕಾಣುತ್ತದೆ. ಯಾಕೆ?
– ಓದುಗರೊಬ್ಬರು, ಅಥಣಿ

ಉತ್ತರ: ಕ್ಯಾಮರಾ ಕೆಟ್ಟಿಲ್ಲ, ಕ್ಯಾಸೆಟ್ಟೂ ಹಾಳಾಗಿಲ್ಲ. ನಮ್ಮ ಹಳೆಯ ಟಿವಿಗಳ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 576 ಗೆರೆ, ಸೆಕೆಂಡಿಗೆ 25 ಚಿತ್ರ. ಆದರೆ ಕ್ಯಾಮರಾ ಇಡೀ ಚಿತ್ರವನ್ನು ಒಮ್ಮೆಗೇ ಹಿಡಿಯುವುದಿಲ್ಲ. ಮೊದಲು ಒಂದು ಬಿಟ್ಟು ಒಂದು ಗೆರೆ, ಸೆಕೆಂಡಿನ 50ನೇ ಒಂದು ಭಾಗ ಕಳೆದ ಮೇಲೆ ಉಳಿದವು. ಗಂಟೆಗೆ 30 ಕಿ.ಮೀ. ಓಡುವ ಎತ್ತು ಅಷ್ಟರಲ್ಲೇ ಸುಮಾರು 17 ಸೆಂ.ಮೀ., ಅಂದರೆ ಮುಕ್ಕಾಲು ಗೇಣು ಮುಂದೆ ಹೋಗಿರುತ್ತದೆ! ಹಳೆಯ ಡಬ್ಬಾ ಟಿವಿ ಎರಡು ಅರ್ಧಗಳನ್ನು ಒಂದಾದ ಮೇಲೊಂದು ತೋರಿಸುತ್ತಿತ್ತು. ಕಂಪ್ಯೂಟರು ಎರಡನ್ನೂ ಒಟ್ಟಿಗೆ ಹೆಣೆದುಬಿಡುತ್ತದೆ. ಅದೇ ಆ ಹಲ್ಲು.

ಇನ್ನೊಂದು ಪದ್ಧತಿಯಾದ ಪ್ರೋಗ್ರೆಸಿವ್ ಸ್ಕ್ಯಾನ್‌ನಲ್ಲಿ ಎಲ್ಲ ಗೆರೆಗಳೂ ಒಂದೇ ಕ್ಷಣದವು. ಕ್ಯಾಮರಾದ ಮೆನುವಿನಲ್ಲಿ 25ಪಿ (ಸೆಕೆಂಡಿಗೆ ಇಂಥ 25 ಇಡೀ ಚಿತ್ರ) ಇದ್ದರೆ ಮದುವೆಗೆ, ಮಾತುಕತೆಗೆ ಅದು ಚೆಂದ. ಶಟರ್ 1/50 ಇಡಿ, ಟ್ಯೂಬ್‌ಲೈಟಿನ ಮಿಣುಕಾಟವೂ ತಪ್ಪುತ್ತದೆ. ಶರ್ಯತ್ತಿಗೆ ಮಾತ್ರ ನಾನು ಅದನ್ನು ಬಳಸಲಾರೆ. ಗಾಡಿಯ ಹಿಂದೆ ಕ್ಯಾಮರಾ ತಿರುಗಿಸಿದರೆ ಚಿತ್ರ ತಡವರಿಸುತ್ತದೆ. ಅದಕ್ಕೆ 50ಪಿ ಬೇಕು.

ನಿಮ್ಮ ಹಳೆಯ ಕ್ಯಾಸೆಟ್ಟಿಗೆ ಡಿಇಂಟರ್ಲೇಸ್ (ಹೆಣೆದ ಅರ್ಧಗಳನ್ನು ಬಿಡಿಸುವುದು) ಮಾಡಿಸಿ, ಸೆಕೆಂಡಿಗೆ 50 ಚಿತ್ರ ಉಳಿಯುವಂತೆ. 25ಕ್ಕೆ ಇಳಿಸಿದರೆ ಅರ್ಧ ಓಟ ಹೋಯಿತು. ಮೂಲ ಫೈಲನ್ನು ಮಾತ್ರ ಅಳಿಸಬೇಡಿ.